ಕಡತದಿಂದ ವೇದಿಕೆಗೆ: ವೈದ್ಯಕೀಯ ಇತಿಹಾಸದ ಪ್ರಬಂಧ ಮಂಡಿಸುವವರಿಗೆ

ವೈದ್ಯಕೀಯ ಇತಿಹಾಸದ ಪ್ರಬಂಧ ಓದುವವರ ಎದುರು ಎರಡು ಥರದ ಜನ ಕೂತಿರುತ್ತಾರೆ. ಇತಿಹಾಸ ವಿಭಾಗದವರು ‘ಇದು ಯಾವ ಕಡತದಲ್ಲಿದೆ?’ ಎನ್ನುತ್ತಾರೆ. ಮೆಡಿಕಲ್ ಕಾಲೇಜಿನವರು ‘ಅದು ಅದೇ ಕಾಯಿಲೆ ಅಂತ ಹೇಗೆ ಹೇಳ್ತೀರಿ?’ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಇವರಿಬ್ಬರೂ ಒಂದೇ ಸಭಾಂಗಣದಲ್ಲಿ ಸಿಗುವುದು ಸಾಮಾನ್ಯ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಬಿಎಲ್‌ಡಿಇ ಮೆಡಿಕಲ್ ಕಾಲೇಜೂ ಇವೆ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿದೆ. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಇರುವ ಪ್ರಬಂಧ ಮಾತ್ರ ನಿಲ್ಲುತ್ತದೆ. ಒಂದಕ್ಕೆ ಮಾತ್ರ ಸಿದ್ಧವಾಗಿ ಹೋದರೆ ಚಹಾ ವಿರಾಮದವರೆಗೂ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಇಲ್ಲಿ ಹೇಳುವ ಹಂತಗಳೆಲ್ಲ ಆ ಎರಡು ಪ್ರಶ್ನೆಗಳನ್ನು ಕಣ್ಣಮುಂದಿಟ್ಟುಕೊಂಡೇ ಬರೆದವು.

ವಿಷಯವನ್ನು ಕಿರಿದುಗೊಳಿಸುವುದು

‘ಬೆಳಗಾವಿ ಜಿಲ್ಲೆಯ ವೈದ್ಯಕೀಯ ಇತಿಹಾಸ’ ಎಂಬ ಶೀರ್ಷಿಕೆ ಪಿಎಚ್‌.ಡಿ.ಗೇ ದೊಡ್ಡದಾಗುತ್ತದೆ. 15 ನಿಮಿಷದ ಮಂಡನೆಗೆ ಒಂದು ಕಾಯಿಲೆ, ಒಂದು ಪ್ರದೇಶ, ಒಂದು ಕಾಲಾವಧಿ, ಒಂದು ಬಗೆಯ ಆಕರ ಇಷ್ಟು ಸಾಕು. ಇವುಗಳಲ್ಲಿ ಯಾವುದಾದರೂ ಎರಡಾದರೆ ಹೋಲಿಕೆ ಮಾಡುತ್ತಿದ್ದೀರಿ ಎಂದರ್ಥ, ಆಗ ಉಳಿದ ಮೂರನ್ನು ಇನ್ನಷ್ಟು ಬಿಗಿ ಹಿಡಿಯಬೇಕು.

ನಮ್ಮ ಸುತ್ತಮುತ್ತ ವಿಷಯಗಳಿಗೆ ಬರವಿಲ್ಲ. ಬೆಳಗಾವಿ ಟಿಳಕವಾಡಿಯ ‘ವ್ಯಾಕ್ಸಿನ್ ಡಿಪೋ’ ಎಂಬ ಹೆಸರಿನ ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಸಂಸ್ಥೆಯಿದೆ. ವಿಜಯಪುರದ ಮೆಟ್ಟಿಲು ಬಾವಿಗಳಿಗೂ ನಾರುಹುಣ್ಣಿಗೂ ಇರುವ ನಂಟು ಇನ್ನೊಂದು. ಹುಣ್ಣಿದ್ದ ಕಾಲು ನೀರಿಗೆ ತಾಗಿದಾಗ ಹುಳದ ಮರಿಗಳು ನೀರು ಸೇರುತ್ತಿದ್ದವು. ಸೈಕ್ಲಾಪ್ಸ್ ಎಂಬ ಕಿರುಜೀವಿ ಅವನ್ನು ನುಂಗುತ್ತಿತ್ತು, ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣು. ಭಾರತಕ್ಕೆ ನಾರುಹುಣ್ಣು ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಎಂದರೆ ಆ ರೋಗ ಅನುಭವಿಸಿದವರು, ಬಾವಿಗೆ ಔಷಧ ಹಾಕಿದ ಆರೋಗ್ಯ ಕಾರ್ಯಕರ್ತರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ಮಾತಾಡಿಸುವ ಕೆಲಸ ಮುಂದೂಡುವಂಥದ್ದಲ್ಲ. ಪರ್ಷಿಯನ್ ಬಲ್ಲವರಿಗೆ ಆದಿಲ್‌ಶಾಹಿ ಆಸ್ಥಾನದ ಫರಿಷ್ತಾ ಇದ್ದಾನೆ. ಇತಿಹಾಸಕಾರ ಎಂದೇ ಎಲ್ಲರಿಗೂ ಗೊತ್ತಿರುವ ಆತ ವೈದ್ಯಗ್ರಂಥವನ್ನೂ ಬರೆದವನು. ಹಳಗನ್ನಡ ಬಲ್ಲವರಿಗೆ ಮಂಗರಾಜನ ವಿಷವೈದ್ಯ, ಕೀರ್ತಿವರ್ಮನ ಗೋವೈದ್ಯ ಇವೆ.

ಇಲ್ಲಿ ಉದಾಹರಣೆಗೆ ಒಂದೇ ವಿಷಯ ಇಟ್ಟುಕೊಳ್ಳೋಣ: 1918ರ ಇನ್‌ಫ್ಲುಯೆಂಜಾ, ಆಗಿನ ಬಿಜಾಪುರ ಜಿಲ್ಲೆ, ಸರ್ಕಾರಿ ಮರಣ ಅಂಕಿಅಂಶ.

ಗಡಿ, ಹೆಸರು, ಇಸವಿ: ಮೊದಲ ಮೂರು ಹೊಂಡಗಳು

ನಮ್ಮ ಭಾಗದ ಪ್ರಬಂಧಗಳು ಹೆಚ್ಚಾಗಿ ಎಡವುವುದು ಇಲ್ಲಿ. 1918ರ ಬಿಜಾಪುರ ಜಿಲ್ಲೆ ಇಂದಿನ ವಿಜಯಪುರ ಜಿಲ್ಲೆಯಲ್ಲ. ಬಿಜಾಪುರ, ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟ, ಬಾದಾಮಿ, ಹುನಗುಂದ ಎಂಬ ಎಂಟೂ ತಾಲ್ಲೂಕುಗಳು ಅದರಲ್ಲಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟೇ ಆದರೆ ಕೂಡಿಸಿ ಕಳೆದು ಸರಿಮಾಡಬಹುದಿತ್ತು. ಆದರೆ ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿ, ಮುಧೋಳ ಆಗ ಸಂಸ್ಥಾನಗಳು. ಬೆಳಗಾವಿ ಜಿಲ್ಲೆಯ ರಾಮದುರ್ಗವೂ ಸಂಸ್ಥಾನವೇ. ಬ್ರಿಟಿಷ್ ಜಿಲ್ಲೆಯ ಮರಣ ಕೋಷ್ಟಕದಲ್ಲಿ ಈ ಊರುಗಳ ಹೆಣಗಳ ಲೆಕ್ಕ ಇಲ್ಲ. ಇಂದಿನ ನಕ್ಷೆಯ ಮೇಲೆ 1918ರ ಅಂಕಿ ಬಳಿದು ತೋರಿಸಿದರೆ, ಲೆಕ್ಕವೇ ಇಲ್ಲದ ಜಮಖಂಡಿಯಲ್ಲಿ ಸಾವೇ ಇರಲಿಲ್ಲ ಎಂದು ತೋರಿಸಿದಂತಾಗುತ್ತದೆ. ಬೆಳಗಾವಿಗೆ ಮತ್ತೊಂದು ತೊಡಕಿದೆ. ಈಗ ಮಹಾರಾಷ್ಟ್ರದಲ್ಲಿರುವ ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲಿತ್ತು. ಆದ್ದರಿಂದ ನೀವು ತೋರಿಸುವ ನಕ್ಷೆ ಆ ಕಾಲದ್ದೇ ಆಗಿರಲಿ, ಸಂಸ್ಥಾನಗಳನ್ನು ಬೂದು ಬಣ್ಣದಲ್ಲಿ ಬಿಟ್ಟು ‘ಅಂಕಿ ಲಭ್ಯವಿಲ್ಲ’ ಎಂದು ಬರೆಯಿರಿ.

ಹೆಸರಿನ ಕಥೆಯೂ ಅಷ್ಟೇ. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬರುವ ಮುಂಚೆ ಅದು ಕಲಾದಗಿ ಜಿಲ್ಲೆ. 1876-78ರ ಬರದ ಕಾಲದ ಕಾಲರಾ ಕಡತಗಳನ್ನು ‘ಬಿಜಾಪುರ’ ಎಂದು ಹುಡುಕಿದರೆ ಖಾಲಿ ಕೈ. ‘ಕಲಾದಗಿ’ ಎಂದು, ಅದೂ ಇಂಗ್ಲಿಷಿನ ಎರಡು ಮೂರು ಕಾಗುಣಿತಗಳಲ್ಲಿ ಹುಡುಕಬೇಕು. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಪ್ರಬಂಧದಲ್ಲಿ ಆಕರದ ಕಾಲದ ಹೆಸರನ್ನೇ ಬಳಸಿ, ಮೊದಲ ಸಲ ಬಂದಾಗ ಮಾತ್ರ ‘ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು’ ಎಂದು ಸೇರಿಸಿ.

ಇಸವಿಯ ವಿಷಯ. ಮನೆತನದ ಕಾಗದ, ಮಠದ ದಾಖಲೆ, ಲಾವಣಿಗಳಲ್ಲಿ ಶಕ ವರ್ಷವೋ ಸಂವತ್ಸರವೋ ಇರುತ್ತದೆ. ಶಕಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಪುಷ್ಯದ ನಡುವಿನಿಂದ ಫಾಲ್ಗುಣದ ಕೊನೆಯವರೆಗಿನ ತೇದಿಗೆ 79 ಕೂಡಿಸಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ. ಶಕ 1840ರ ಫಾಲ್ಗುಣ ಬರುವುದು 1919ರಲ್ಲಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. 1918-19 ಕಾಳಯುಕ್ತಿ, 1978-79 ಕೂಡ ಕಾಳಯುಕ್ತಿ. ‘ಧಾತು ಈಶ್ವರ ಬರ’ ಎಂದರೆ ಧಾತು, ಈಶ್ವರ ಎಂಬ ಎರಡು ಸಂವತ್ಸರಗಳು, ಎಂದರೆ 1876ರಿಂದ 1878. ಆದಿಲ್‌ಶಾಹಿ ಮತ್ತು ಮರಾಠಾ ಕಾಗದಗಳಲ್ಲಿ ಶುಹೂರ್ ಸನ್ ಎಂಬ ವರ್ಷಗಣನೆ ಇದ್ದರೆ 599 ಅಥವಾ 600 ಕೂಡಿಸಿ. ಆ ವರ್ಷ ಶುರುವಾಗುವುದು ಮೃಗಶಿರಕ್ಕೆ. ಇನ್ನು ಕಿತ್ತೂರು ಕರ್ನಾಟಕದ (ಹಿಂದಿನ ಮುಂಬಯಿ ಕರ್ನಾಟಕದ) ಹಳೆಯ ಮರಾಠಿ ಕಾಗದ ಬಹುಪಾಲು ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿರುತ್ತದೆ. ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಅವರ ಹೆಸರನ್ನು ಕೃತಜ್ಞತೆಯಲ್ಲಿ ತಪ್ಪದೆ ಹೇಳಿ.

ಆಕರಗಳು ಎಲ್ಲೆಲ್ಲಿ ಎಂದರೆ: ಮುಂಬಯಿ ಪ್ರಾಂತ್ಯದ ಮೂಲ ಕಡತಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ, ಹಸ್ತಪ್ರತಿಗಳಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ದಿಲ್ಲಿಯ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣ. ಮುದ್ರಿತ ಆರೋಗ್ಯ ವರದಿಗಳಿಗೆ ಮುಂಬಯಿಗೆ ಹೋಗುವ ಮುಂಚೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ‘ಬ್ರಿಟಿಷ್ ಭಾರತದ ವೈದ್ಯಕೀಯ ಇತಿಹಾಸ’ ಸಂಗ್ರಹವನ್ನು ಮನೆಯಲ್ಲೇ ಕೂತು ನೋಡಿ, ಅದು ಉಚಿತ. ವಿಜಯಪುರದ ಆಸಾರ್ ಮಹಲಿನ ಗ್ರಂಥಭಂಡಾರದ ಹಸ್ತಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪತ್ರಾಗಾರಕ್ಕೆ ಹೋಗುವಾಗ ನಿಮ್ಮ ವಿಭಾಗದ ಪರಿಚಯ ಪತ್ರ, ಗುರುತಿನ ಚೀಟಿ, ಎರಡು ಭಾವಚಿತ್ರ ಜೊತೆಯಲ್ಲಿರಲಿ. ಪ್ರತಿ ಕಡತದ ಹಾಳೆಗಳ ಫೋಟೊ ತೆಗೆಯುವ ಮುಂಚೆ ಅದರ ಹೊರಮೈಯನ್ನು ಒಂದು ಸಲ ತೆಗೆಯಿರಿ. ಇಲ್ಲದಿದ್ದರೆ ಆರು ತಿಂಗಳ ನಂತರ ಯಾವ ಹಾಳೆ ಯಾವ ಕಡತದ್ದೆಂದು ಗೊತ್ತಾಗುವುದಿಲ್ಲ.

ಒಂದು ಕೋಷ್ಟಕವನ್ನು ಓದುವುದು

ಪ್ರಾಂತ್ಯದ ಸಾರ್ವಜನಿಕ ಆರೋಗ್ಯ ನೋಡಿಕೊಳ್ಳುತ್ತಿದ್ದ ಸ್ಯಾನಿಟರಿ ಕಮಿಷನರ್ ಪ್ರತಿ ವರ್ಷ ವರದಿ ಕೊಡುತ್ತಿದ್ದರು. ಅದರ ಅನುಬಂಧದಲ್ಲಿ ಜಿಲ್ಲಾವಾರು ಮರಣದ ಕೋಷ್ಟಕಗಳಿರುತ್ತವೆ. ಕಾಲಂಗಳು ಹೀಗೆ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಉಸಿರಾಟದ ಕಾಯಿಲೆ, ಗಾಯ, ಇತರೆ. 1918ರ ಸಾಲಿನಲ್ಲಿ ಇನ್‌ಫ್ಲುಯೆಂಜಾ ಎಲ್ಲಿ ಎಂದು ಹುಡುಕಿದರೆ ಆ ಹೆಸರಿನ ಕಾಲಂ ಸಿಗುವುದಿಲ್ಲ. ಸತ್ತವರು ಬಹುಪಾಲು ‘ಜ್ವರ’ದಲ್ಲಿ ಸೇರಿಹೋಗಿದ್ದಾರೆ, ಸ್ವಲ್ಪ ‘ಉಸಿರಾಟ’ದಲ್ಲಿ.

ಏಕೆಂದರೆ ಆ ಕಾಲಂ ತುಂಬಿದವರು ವೈದ್ಯರಲ್ಲ. ಹಳ್ಳಿಯಲ್ಲಿ ಸಾವಿನ ಕಾರಣ ಬರೆದುಕೊಂಡವರು ಪೊಲೀಸ್ ಪಾಟೀಲರೋ ಕುಲಕರ್ಣಿಯೋ. ವಾಂತಿಭೇದಿ, ಸಿಡುಬಿನ ಗುಳ್ಳೆ, ಪ್ಲೇಗಿನ ಗಡ್ಡೆ ಕಣ್ಣಿಗೆ ಕಾಣುತ್ತವೆ, ಅವು ಸರಿಯಾದ ಕಾಲಂಗೆ ಹೋಗುತ್ತವೆ. ಮೈ ಸುಟ್ಟು ಸತ್ತವರೆಲ್ಲ ಜ್ವರಕ್ಕೆ. ಹಾಗಾಗಿ ‘ಜ್ವರ’ ಎಂದಿದ್ದನ್ನು ಮಲೇರಿಯಾ ಎಂದೋ ಟೈಫಾಯ್ಡ್ ಎಂದೋ ನೇರವಾಗಿ ಓದಿದರೆ ಮೊದಲ ಸಾಲಿನಲ್ಲಿ ಕೂತ ಕಮ್ಯುನಿಟಿ ಮೆಡಿಸಿನ್ ಪ್ರಾಧ್ಯಾಪಕರು ಅಲ್ಲೇ ಹಿಡಿಯುತ್ತಾರೆ.

ಲೆಕ್ಕ ಮಾಡುವ ಬಗೆ ಹೀಗಿರಲಿ. ಮೊದಲು 1913ರಿಂದ 1917ರವರೆಗಿನ ಐದು ವರ್ಷಗಳ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಒಟ್ಟು ಮರಣ ತೆಗೆಯಿರಿ. ಕಾರಣದ ಕಾಲಂ ಬೇಡ, ಎಲ್ಲ ಕಾರಣಗಳ ಒಟ್ಟು ಮೊತ್ತ ಸಾಕು. ಆ ಐದರಲ್ಲಿ ಪ್ಲೇಗು ಜೋರಾಗಿದ್ದ ವರ್ಷವಿದ್ದರೆ ಸರಾಸರಿ ಏರಿಬಿಡುತ್ತದೆ, ಆದ್ದರಿಂದ ಸರಾಸರಿಯ ಬದಲು ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಅಂಕಿಯನ್ನು ಹಿಡಿಯಿರಿ. 1918ರ ಅದೇ ತಿಂಗಳುಗಳ ಒಟ್ಟಿನಿಂದ ಅದನ್ನು ಕಳೆದರೆ ಬರುವುದು ಹೆಚ್ಚುವರಿ ಮರಣ. ಅದನ್ನು 1911ರ ಜನಗಣತಿಯ ಜನಸಂಖ್ಯೆಗೆ ಭಾಗಿಸಿ ಸಾವಿರಕ್ಕೆ ಇಷ್ಟು ಎಂದು ತೋರಿಸಿ. 1921ರ ಜನಗಣತಿ ಬಳಸಬೇಡಿ, ಅದು ಈ ಸಾವುಗಳ ನಂತರದ್ದು.

ಇಷ್ಟಾದ ಮೇಲೂ ಮೂರು ಎಚ್ಚರಿಕೆಗಳನ್ನು ಸ್ಲೈಡಿನಲ್ಲೇ ಬರೆಯಬೇಕು. 1918ರಲ್ಲಿ ಮಳೆ ಕೈಕೊಟ್ಟು ಮುಂಬಯಿ ಪ್ರಾಂತ್ಯದಲ್ಲಿ ಕೊರತೆಯೂ ಇತ್ತು. ಹೆಚ್ಚುವರಿ ಸಾವುಗಳೆಲ್ಲ ಇನ್‌ಫ್ಲುಯೆಂಜಾದ್ದೇ ಎನ್ನಲಾಗದು. ಬರೆಯುವ ಪಾಟೀಲನೇ ಹಾಸಿಗೆ ಹಿಡಿದ ವಾರಗಳಲ್ಲಿ ನೋಂದಣಿ ತಪ್ಪಿರುತ್ತದೆ, ಎಂದರೆ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬಹುದು. ಮೂರನೆಯದು, ಮೇಲೆ ಹೇಳಿದ ಸಂಸ್ಥಾನಗಳ ಗೈರುಹಾಜರಿ. ಈ ಮೂರನ್ನು ನೀವೇ ಮೊದಲು ಹೇಳಿದರೆ ಸಭೆ ನಿಮ್ಮ ಅಂಕಿಯನ್ನು ನಂಬುತ್ತದೆ. ಬೇರೆಯವರು ಎತ್ತಿ ತೋರಿಸಿದರೆ ಸರಿಯಿರುವ ಭಾಗವನ್ನೂ ನಂಬುವುದಿಲ್ಲ.

ಆ ಕಾಲಕ್ಕೆ ಏನು ಗೊತ್ತಿತ್ತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 1918ರ ವೈದ್ಯರು ಇನ್‌ಫ್ಲುಯೆಂಜಾಕ್ಕೆ 1892ರಲ್ಲಿ ಜರ್ಮನ್ ವಿಜ್ಞಾನಿ ಫೈಫರ್ ಹೇಳಿದ ಬ್ಯಾಕ್ಟೀರಿಯಾವೇ ಕಾರಣ ಎಂದು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು 1933ರಲ್ಲಿ. ‘ವೈರಸ್ಸಿಗೆ ಆಗಿನ ಸರ್ಕಾರ ಏನೂ ಮಾಡಲಿಲ್ಲ’ ಎಂಬ ವಾಕ್ಯ ಅದರಿಂದಲೇ ಬಿದ್ದುಹೋಗುತ್ತದೆ. ಪ್ಲೇಗಿನ ಮೇಲೆ ಕೆಲಸ ಮಾಡುವವರಿಗೆ ಬೇಕಾದ ಚೀಟಿ: ರೋಗಾಣು ಪತ್ತೆ 1894, ಮುಂಬಯಿಯಲ್ಲಿ ಪ್ಲೇಗು 1896, ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಹಾಫ್‌ಕಿನ್ ಲಸಿಕೆಯೂ 1897, ಇಲಿಯ ಚಿಗಟ ಪ್ಲೇಗು ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಸಿಮೊಂ ಹೇಳಿದ್ದು 1898. ಅದನ್ನು ವೈದ್ಯಲೋಕ ಒಪ್ಪಿದ್ದು 1905ರ ನಂತರದ ಸಂಶೋಧನೆಗಳಿಂದ. ಮನೆ ತೊಳೆಸಿ, ಛಾವಣಿ ಕಿತ್ತು, ಜನರನ್ನು ಊರಾಚೆ ಗುಡಿಸಲುಗಳಿಗೆ ಕಳಿಸಿದ ಅಧಿಕಾರಿಗಳ ಕಠೋರತೆಯನ್ನು ಟೀಕಿಸಬಹುದು, ಟೀಕಿಸಲೇಬೇಕು. ಚಿಗಟದ ವಿಷಯ ಗೊತ್ತಿರಲಿಲ್ಲ ಎಂಬುದಕ್ಕೆ ಟೀಕಿಸಬಾರದು.

ಸಾರಲೇಖ

ಸಮ್ಮೇಳನಕ್ಕೆ ಮೊದಲು ಕಳಿಸುವ ಪ್ರಬಂಧದ ಸಂಕ್ಷೇಪವೇ ಸಾರಲೇಖ, ಆಯ್ಕೆ ಸಮಿತಿ ನೋಡುವುದು ಇದೊಂದನ್ನೇ. ಕನ್ನಡದಲ್ಲಿ 200-250 ಪದ, ಇಂಗ್ಲಿಷಿನಲ್ಲಿ 250-350 ಪದ ಸಾಮಾನ್ಯ ಮಿತಿ. ತಿರಸ್ಕಾರವಾಗುವ ಸಾರಲೇಖಗಳು ಹೆಚ್ಚಾಗಿ ಹೀಗೆ ಶುರುವಾಗುತ್ತವೆ: ‘ಪ್ರಾಚೀನ ಕಾಲದಿಂದಲೂ ಮಾನವನು ರೋಗಗಳೊಂದಿಗೆ ಹೋರಾಡುತ್ತಾ ಬಂದಿದ್ದಾನೆ. ಪ್ರಸ್ತುತ ಪ್ರಬಂಧದಲ್ಲಿ ಬಿಜಾಪುರ ಜಿಲ್ಲೆಯ ಇನ್‌ಫ್ಲುಯೆಂಜಾ ಕುರಿತು ಚರ್ಚಿಸಲು ಪ್ರಯತ್ನಿಸಲಾಗಿದೆ.’ ಚರ್ಚಿಸಿ ಏನು ಸಿಕ್ಕಿತು ಎಂಬುದೇ ಇಲ್ಲ.

ಅದರ ಬದಲು ಹೀಗೆ: ‘1918ರ ಕೊನೆಯ ತಿಂಗಳುಗಳಲ್ಲಿ ಬಿಜಾಪುರ ಜಿಲ್ಲೆಯಲ್ಲಿ ಎಷ್ಟು ಜನ ಸತ್ತರು ಎಂಬುದಕ್ಕೆ ಸರ್ಕಾರಿ ವರದಿಯ ಕಾರಣವಾರು ಅಂಕಿ ನಂಬುವಂತಿಲ್ಲ, ಏಕೆಂದರೆ ಆ ಸಾವುಗಳು ಜ್ವರದ ಕಾಲಂನಲ್ಲಿ ಕರಗಿವೆ. ಈ ಪ್ರಬಂಧ 1913-18ರ ತಿಂಗಳುವಾರು ಒಟ್ಟು ಮರಣಗಳನ್ನು ಹೋಲಿಸಿ ಹೆಚ್ಚುವರಿ ಸಾವನ್ನು ಅಂದಾಜಿಸುತ್ತದೆ.’ ಇದರ ಮುಂದೆ ನಿಮ್ಮ ಅಂಕಿ, ಯಾವ ತಿಂಗಳು ಎತ್ತರಕ್ಕೆ ಏರಿತು, ಅದು ಈವರೆಗಿನ ತಿಳಿವಳಿಕೆಯನ್ನು ಎಲ್ಲಿ ತಿದ್ದುತ್ತದೆ ಎಂಬ ನಾಲ್ಕೈದು ವಾಕ್ಯ. ಅಮೆರಿಕದ ವೈದ್ಯಕೀಯ ಇತಿಹಾಸ ಸಂಘದಂಥ ಸಂಸ್ಥೆಗಳು ಬರೀ ಉದ್ದೇಶ ಹೇಳುವ ಸಾರಲೇಖ ಬೇಡ, ಫಲಿತಾಂಶ ಇರಬೇಕು ಎಂದು ಕೇಳುತ್ತವೆ. ನಮ್ಮ ಕಡೆಯ ಸಮ್ಮೇಳನಗಳು ಕೇಳದಿದ್ದರೂ ಹಾಗೇ ಬರೆಯುವುದು ಒಳ್ಳೆಯದು.

ವೈದ್ಯರ ಸಮ್ಮೇಳನಕ್ಕೆ ಕಳಿಸುವಾಗ ಅರ್ಜಿಯಲ್ಲಿ ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ಐದು ಖಾನೆ ಇರುತ್ತವೆ. ಅವನ್ನು ಕಂಡು ಇತಿಹಾಸದವರು ಗಾಬರಿಯಾಗುವುದು ಬೇಡ. ‘ವಿಧಾನ’ದ ಖಾನೆಯಲ್ಲಿ ಯಾವ ವರದಿ, ಯಾವ ವರ್ಷಗಳು, ಎಷ್ಟು ಕಡತ, ಯಾವುದನ್ನು ಬಿಟ್ಟಿರಿ, ಏಕೆ ಎಂಬುದನ್ನು ಬರೆದರೆ ಮುಗಿಯಿತು.

ಯಾವ ಸಮ್ಮೇಳನ

ಭಾರತೀಯ ಇತಿಹಾಸ ಕಾಂಗ್ರೆಸ್ 1935ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ. ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ವಿಭಾಗಗಳಲ್ಲಿ ನಿಮ್ಮದು ಯಾವುದೆಂದು ಮೊದಲೇ ಆರಿಸಬೇಕು. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲೇ ಓದಬಹುದು. ಮೊದಲ ಪ್ರಬಂಧಕ್ಕೆ ಅದು ಒಳ್ಳೆಯ ಜಾಗ, ಕೇಳುವವರಿಗೆ ನಮ್ಮ ಊರುಗಳ ಹೆಸರು ಗೊತ್ತಿರುತ್ತದೆ. ಆಯುರ್ವೇದ, ಯುನಾನಿ ಗ್ರಂಥಗಳ ಮೇಲೆ ಕೆಲಸ ಮಾಡುವವರು ಹೈದರಾಬಾದಿನ ಭಾರತೀಯ ವೈದ್ಯಕೀಯ ಪರಂಪರೆಯ ರಾಷ್ಟ್ರೀಯ ಸಂಸ್ಥೆಯ ಚಟುವಟಿಕೆಗಳತ್ತ ಕಣ್ಣಿಡಲಿ.

ದೂರ ಇಡಬೇಕಾದವನ್ನು ಗುರುತಿಸುವುದು ಕಷ್ಟವಲ್ಲ. ವಾಣಿಜ್ಯ, ಎಂಜಿನಿಯರಿಂಗ್, ಸಾಹಿತ್ಯ, ವೈದ್ಯಕೀಯ ಎಲ್ಲವೂ ಒಂದೇ ಆಹ್ವಾನ ಪತ್ರದಲ್ಲಿದ್ದರೆ, ಕಳಿಸಿದ ಮರುದಿನವೇ ‘ಸ್ವೀಕೃತ’ ಎಂದು ಬಂದರೆ, ಬರದಿದ್ದರೂ ಪ್ರಮಾಣಪತ್ರ ಕೊಡುತ್ತೇವೆ ಎಂದರೆ ಹಣ ಕಟ್ಟಬೇಡಿ.

ಮಾತಾಡಿಸಿದವರ ಹಕ್ಕು

ಬದುಕಿರುವವರ ನೆನಪನ್ನು ಆಕರವಾಗಿ ಬಳಸುವವರು ಕ್ಷೇತ್ರಕಾರ್ಯಕ್ಕೆ ಮುಂಚೆಯೇ ತಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನೇ ಸಮಿತಿಗಳು ನೋಡುತ್ತವೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ ಇರಲಿ. ‘ನಿಮ್ಮ ಧ್ವನಿಯನ್ನು ಸಭೆಯಲ್ಲಿ ಕೇಳಿಸಬಹುದೇ’ ಎಂಬುದಕ್ಕೆ ಬೇರೆ ಸಾಲು, ಬೇರೆ ಸಹಿ. ಸಂದರ್ಶನ ಮುಗಿದ ಮೇಲೆ ಅನುಮತಿ ಕೇಳಿದರೆ ಸಮಿತಿ ಕೊಡುವುದಿಲ್ಲ, ಆ ಧ್ವನಿಮುದ್ರಣ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ನಾಟಿ ವೈದ್ಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಸೊಪ್ಪಿನ ಹೆಸರು, ಪ್ರಮಾಣ, ಅನುಪಾನವನ್ನು ಒಮ್ಮೆ ಪರದೆಯ ಮೇಲೆ ತೋರಿಸಿದರೆ ಹತ್ತು ಮೊಬೈಲುಗಳು ಮೇಲೇಳುತ್ತವೆ. ಆಮೇಲೆ ಅದು ಆ ಮನೆತನದ ಕೈಯಲ್ಲಿ ಉಳಿಯದು. 2002ರ ಜೈವಿಕ ವೈವಿಧ್ಯ ಕಾಯ್ದೆ ಇಂಥ ಜ್ಞಾನಕ್ಕೆ ರಕ್ಷಣೆಯ ಮಾತಾಡುತ್ತದೆ, ಆದರೆ ಸಭೆಯಲ್ಲಿ ಬಿಟ್ಟುಕೊಟ್ಟದ್ದನ್ನು ಯಾವ ಕಾಯ್ದೆಯೂ ವಾಪಸು ತರಲಾರದು. ಇತಿಹಾಸ ಹೇಳಲು ಮದ್ದಿನ ಪಾಕ ಬೇಕಿಲ್ಲ. ಯಾರಿಂದ ಯಾರಿಗೆ ಬಂತು, ರೋಗಿಗಳು ಎಲ್ಲಿಂದ ಬರುತ್ತಿದ್ದರು, ಏನು ಕೊಟ್ಟು ಹೋಗುತ್ತಿದ್ದರು ಎಂಬುದು ಸಾಕು.

ಹಳೆಯ ಫೋಟೊಗಳಲ್ಲಿ ಕುಷ್ಠರೋಗಿಗಳ, ಪ್ಲೇಗಿನ ಶಿಬಿರದವರ ಮುಖಗಳಿರುತ್ತವೆ. ವಾದಕ್ಕೆ ಆ ಮುಖ ಅಗತ್ಯವಿಲ್ಲದಿದ್ದರೆ ತೋರಿಸಬೇಡಿ. ಆಸ್ಪತ್ರೆಯ ದಾಖಲೆ ಪುಸ್ತಕದ ಪುಟ ತೋರಿಸುವಾಗ ರೋಗಿಯ ಹೆಸರು, ಊರು ಮುಚ್ಚಿ. ಸಭೆಯಲ್ಲಿ ಅವರ ಮೊಮ್ಮಕ್ಕಳು ಕೂತಿರಬಹುದು.

ಹದಿನೈದು ನಿಮಿಷ

ಕನ್ನಡವನ್ನು ಸ್ಪಷ್ಟವಾಗಿ ಓದಿದರೆ ನಿಮಿಷಕ್ಕೆ 90ರಿಂದ 100 ಪದ. 15 ನಿಮಿಷ ಕೊಟ್ಟಿದ್ದರೆ 13 ನಿಮಿಷಕ್ಕೆ ಬರೆಯಿರಿ, ಎಂದರೆ 1,200 ಪದದ ಆಚೆ ಈಚೆ. ಇಂಗ್ಲಿಷಿನಲ್ಲಾದರೆ 1,600. ಪತ್ರಿಕೆಗೆ ಬರೆದ 6,000 ಪದದ ಲೇಖನವನ್ನು ಅಲ್ಲಲ್ಲಿ ಹಾರಿಸುತ್ತ ಓದುವುದು ಅತಿ ಸಾಮಾನ್ಯ ದೋಷ. ಓದುವವರಿಗೆ ಎಲ್ಲಿದ್ದೇವೆಂದು ತಿಳಿಯುವುದಿಲ್ಲ, ಕೇಳುವವರಿಗಂತೂ ಇಲ್ಲವೇ ಇಲ್ಲ. ಮಂಡನೆಗೆ ಬೇರೆಯೇ ಪ್ರತಿ ಬೇಕು. ವಾಕ್ಯ ಚಿಕ್ಕದಿರಲಿ, ಅಡಿಟಿಪ್ಪಣಿ ಬೇಡ, ದೊಡ್ಡ ಸಂಖ್ಯೆಗಳನ್ನು ‘ಸುಮಾರು’ ಎಂದು ದುಂಡಗೆ ಹೇಳಿ, ನಿಖರವಾದದ್ದು ಪರದೆಯ ಮೇಲಿರಲಿ.

ನಮ್ಮ ಕಡೆಯ ವಿಚಾರ ಸಂಕಿರಣಗಳಲ್ಲಿ ಉದ್ಘಾಟನೆ ಲಂಬಿಸುವುದು ತಪ್ಪುವುದಿಲ್ಲ. ಸನ್ಮಾನ, ಆಶೀರ್ವಚನ, ಅಧ್ಯಕ್ಷೀಯ ನುಡಿ ಮುಗಿಯುವ ಹೊತ್ತಿಗೆ ಊಟದ ವೇಳೆ, ನಿಮ್ಮ 15 ನಿಮಿಷ 7 ನಿಮಿಷಕ್ಕೆ ಇಳಿದಿರುತ್ತದೆ. ಅದಕ್ಕಾಗಿ ಮನೆಯಲ್ಲೇ ಎರಡು ಕಡಿತ ಮಾಡಿಟ್ಟುಕೊಳ್ಳಿ. ಪೂರ್ತಿ ಪ್ರತಿಯಲ್ಲಿ, 10 ನಿಮಿಷಕ್ಕೆ ಬಿಡಬೇಕಾದ ಪರಿಚ್ಛೇದಗಳ ಪಕ್ಕ ಹಸಿರು ಗೀಟು, 6 ನಿಮಿಷಕ್ಕೆ ಬಿಡಬೇಕಾದವಕ್ಕೆ ಕೆಂಪು ಗೀಟು. ಗೀಟಿಲ್ಲದೆ ಉಳಿಯುವುದು ಮೂರು: ಪ್ರಶ್ನೆ, ಆಕರದ ಒಂದು ಸಾಲನ್ನು ತೋರಿಸಿ ವಿವರಿಸುವ ಭಾಗ, ತೀರ್ಮಾನ. ಹಿಂದಿನ ಸಂಶೋಧನೆಗಳ ವಿಮರ್ಶೆಯ ಭಾಗ ಎಲ್ಲಕ್ಕಿಂತ ಮೊದಲು ಹೋಗಲಿ.

ಸ್ಲೈಡು 10ರಿಂದ 12. ಅಕ್ಷರ 28ಕ್ಕಿಂತ ಸಣ್ಣದಾದರೆ ಹಿಂದಿನ ಸಾಲಿಗೆ ಕಾಣದು. ಎಂಟು ತಾಲ್ಲೂಕು, ಹನ್ನೆರಡು ತಿಂಗಳ ಪೂರ್ತಿ ಕೋಷ್ಟಕವನ್ನು ಪರದೆಗೆ ಹಾಕಬೇಡಿ. 1918ರ ಸಾಲನ್ನು ಗಾಢ ಬಣ್ಣದ ಕಂಬಗಳಲ್ಲಿ, ಹಿಂದಿನ ಐದು ವರ್ಷಗಳ ನಡುಮೌಲ್ಯವನ್ನು ತೆಳು ಗೆರೆಯಲ್ಲಿ ತೋರಿಸಿದರೆ ಮಾತೇ ಬೇಡ. ಕಡತದ ಚಿತ್ರ ತೋರಿಸುವಾಗ ಇಡೀ ಪುಟವನ್ನು ಮೂಲೆಯಲ್ಲಿ ಚಿಕ್ಕದಾಗಿಟ್ಟು, ಬೇಕಾದ ಎರಡು ಮೂರು ಸಾಲನ್ನು ಕತ್ತರಿಸಿ ದೊಡ್ಡದಾಗಿ ಹಾಕಿ. ಮೋಡಿ ಅಥವಾ ಪರ್ಷಿಯನ್ ಇದ್ದರೆ ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಓದು, ಅದರ ಕೆಳಗೆ ಅರ್ಥ. ಎಲ್ಲಕ್ಕಿಂತ ಕೆಳಗೆ ಪತ್ರಾಗಾರ, ಇಲಾಖೆ, ವರ್ಷ, ಸಂಪುಟ, ಪುಟ. ‘ಯಾವ ಕಡತ?’ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಬೆಳಗಾವಿಯಲ್ಲಿ ಸ್ಲೈಡಿನ ತಲೆಬರಹ ಮಾತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದ್ದರೆ ಮರಾಠಿ ಮಾತಾಡುವವರಿಗೂ ಹೊರಗಿನ ವೈದ್ಯರಿಗೂ ಅನುಕೂಲ.

ಕನ್ನಡ ಅಕ್ಷರದ ತೊಂದರೆ ಬೇರೆಯೇ ಇದೆ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿದ ಸ್ಲೈಡು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಸಾಲುಗಳ ನಡುವಿನ ಅಂತರ ಕಡಿಮೆಯಿದ್ದರೆ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆ, 1.2ಕ್ಕಿಂತ ಹೆಚ್ಚಿರಲಿ. ಮಂಡನೆಗೆ ಪಿಡಿಎಫ್ ಪ್ರತಿಯೊಂದು ಇರಲೇಬೇಕು, ಅದರಲ್ಲಿ ಅಕ್ಷರ ಎಲ್ಲಿಯೂ ಬದಲಾಗದು. ಆದರೆ ಸಮ್ಮೇಳನದ ಪ್ರಬಂಧ ಸಂಪುಟಕ್ಕೆ ಲೇಖನ ಕೊಡುವಾಗ ಪಿಡಿಎಫ್ ಕೊಡಬೇಡಿ. ಅದರಿಂದ ಕನ್ನಡವನ್ನು ನಕಲು ಮಾಡಿದರೆ ಕಾಗುಣಿತ ಚದುರಿ, ಸಂಪಾದಕರು ಮರಳಿ ಬೆರಳಚ್ಚಿಸಿ ಹೊಸ ತಪ್ಪು ಸೇರಿಸುತ್ತಾರೆ. ವರ್ಡ್ ಕಡತ ಕೊಡಿ.

ಭಿತ್ತಿಪತ್ರ ಮಂಡಿಸುವವರು ಅಳತೆಯನ್ನು ಆಯೋಜಕರಿಂದ ಬರೆಸಿಕೊಳ್ಳಲಿ. 3 ಅಡಿ × 4 ಅಡಿ ಎನ್ನುವವರೂ ಇದ್ದಾರೆ, 84 × 119 ಸೆಂ.ಮೀ. ಎನ್ನುವವರೂ ಇದ್ದಾರೆ. 400 ಪದ ಮೀರಬೇಡಿ. ಫ್ಲೆಕ್ಸನ್ನು ಮಡಚದೆ ಸುತ್ತಿ ಒಯ್ಯಿರಿ, ಮಡಿಕೆಯ ಗೆರೆ ಹೋಗುವುದಿಲ್ಲ.

ಆ ದಿನ

ಎರಡು ಪೆನ್‌ಡ್ರೈವ್, ಜೊತೆಗೆ ನಿಮ್ಮದೇ ಮೇಲ್‌ನಲ್ಲಿ ಒಂದು ಪ್ರತಿ. ಗೋಷ್ಠಿ ಶುರುವಾಗುವ ಅರ್ಧ ಗಂಟೆ ಮುಂಚೆ ಅಲ್ಲಿನ ಕಂಪ್ಯೂಟರಿನಲ್ಲಿ ಎಲ್ಲ ಸ್ಲೈಡುಗಳನ್ನೂ ಒಮ್ಮೆ ಸರಿಸಿ ನೋಡಿ. ಹಳೆಯ ಪ್ರೊಜೆಕ್ಟರ್ ಚೌಕಾಕಾರವಾಗಿದ್ದರೆ ಅಗಲ ಸ್ಲೈಡಿನ ಅಕ್ಷರ ಕುಗ್ಗುತ್ತದೆ. ಕರೆಂಟು ಹೋದರೆ ನಡೆಸಲು ಕಂಬಚಿತ್ರದ ಹಾಳೆಯನ್ನು 20 ಪ್ರತಿ ಮುದ್ರಿಸಿಕೊಂಡಿರಿ. ಅಧ್ಯಕ್ಷರ ಬಳಿ ಹೋಗಿ ನಿಮ್ಮ ಹೆಸರಿನ ಉಚ್ಚಾರ, ಎಷ್ಟು ನಿಮಿಷ, ಗಂಟೆ ಬಾರಿಸುತ್ತಾರೋ ಚೀಟಿ ಕೊಡುತ್ತಾರೋ ಕೇಳಿಕೊಳ್ಳಿ. ವೇದಿಕೆಯ ಮೇಲಿನವರ ಹೆಸರನ್ನೆಲ್ಲ ಹೇಳುತ್ತ ಎರಡು ನಿಮಿಷ ಕಳೆಯುವ ಅಗತ್ಯವಿಲ್ಲ. ‘ಅಧ್ಯಕ್ಷರಿಗೆ ಮತ್ತು ಸಭೆಗೆ ನಮಸ್ಕಾರ’ ಎಂದರೆ ಯಾರಿಗೂ ಅಗೌರವವಾಗದು.

ಪ್ರಶ್ನೋತ್ತರಕ್ಕೆ ಕಾಗದ, ಪೆನ್ನು ಕೈಯಲ್ಲಿರಲಿ. ಪ್ರಶ್ನೆ ಬರೆದುಕೊಳ್ಳುತ್ತ ಕೇಳಿದರೆ ಯೋಚಿಸಲು ಸಮಯವೂ ಸಿಗುತ್ತದೆ. ‘ಅದು ಇಂದಿನ ಯಾವ ಕಾಯಿಲೆ?’ ಎಂಬುದು ಹಳೆಯ ಗ್ರಂಥಗಳ ಮೇಲೆ ಮಾತಾಡಿದವರಿಗೆ ಬಂದೇ ಬರುತ್ತದೆ. ಗ್ರಂಥದಲ್ಲಿರುವ ಲಕ್ಷಣಗಳನ್ನು ಹೇಳಿ, ಅವು ಇಂದಿನ ಎರಡು ಮೂರು ರೋಗಗಳಿಗೆ ಹೊಂದುತ್ತವೆ ಎನ್ನಿ, ಒಂದನ್ನೇ ಗಟ್ಟಿಯಾಗಿ ಹಿಡಿಯಬೇಡಿ. ಆ ಕಾಲದವರು ಅದನ್ನು ಏನೆಂದು ತಿಳಿದು ಚಿಕಿತ್ಸೆ ಮಾಡಿದರು ಎಂಬುದು ನಿಮ್ಮ ವಿಷಯ.

‘ನಮ್ಮಲ್ಲಿ ಸಿಡುಬಿಗೆ ಮೊದಲೇ ಲಸಿಕೆ ಇತ್ತಲ್ಲ?’ ಎಂಬ ಪ್ರಶ್ನೆಯನ್ನು ಕೇಳುವವರು ಅಭಿಮಾನದಿಂದ ಕೇಳುತ್ತಾರೆ, ಗೌರವದಿಂದಲೇ ಉತ್ತರಿಸಿ. ಮನುಷ್ಯರ ಸಿಡುಬಿನ ಕೀವನ್ನೇ ಸ್ವಲ್ಪ ಹಾಕುವ ಪದ್ಧತಿ ಭಾರತದಲ್ಲಿತ್ತು, ಬಂಗಾಳದ ಆ ಪದ್ಧತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹಾಲ್‌ವೆಲ್ 1767ರಲ್ಲಿ ವಿವರಿಸಿದ್ದಾನೆ. ದನದ ಸಿಡುಬಿನಿಂದ ಮಾಡಿದ ಲಸಿಕೆ ಜೆನ್ನರ್ 1796ರಲ್ಲಿ ಪ್ರಯೋಗಿಸಿದ್ದು. ಭಾರತದಲ್ಲಿ ಅದನ್ನು ಮೊದಲು ಹಾಕಿದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ. ಎರಡೂ ನಿಜ, ಎರಡೂ ಬೇರೆ. ಇಷ್ಟು ಹೇಳಿದರೆ ಯಾರ ಅಭಿಮಾನಕ್ಕೂ ಪೆಟ್ಟಿಲ್ಲ.

ಹಿರಿಯರು ಪ್ರಶ್ನೆಯ ಬದಲು ಭಾಷಣ ಮಾಡಿದರೆ ತಡೆಯಬೇಡಿ. ಅದರಲ್ಲಿ ಯಾವುದಾದರೂ ಮನೆತನದ, ಆಸ್ಪತ್ರೆಯ, ಮಠದ ಹೆಸರು ಬಂದರೆ ಬರೆದುಕೊಳ್ಳಿ, ಹೊಸ ಆಕರ ಸಿಗುವುದು ಹಾಗೆಯೇ. ಗೊತ್ತಿಲ್ಲದ್ದಕ್ಕೆ ‘ನಾನು ನೋಡಿದ ಕಡತಗಳಲ್ಲಿ ಆ ವಿವರ ಇಲ್ಲ ಸರ್, ಆಕರ ತಿಳಿಸಿದರೆ ನೋಡುತ್ತೇನೆ’ ಎಂದರೆ ಸಾಕು. ಊಟದ ಹೊತ್ತಿಗೆ ಅವರನ್ನು ಹುಡುಕಿಕೊಂಡು ಹೋಗಿ ಆಕರವನ್ನು ಕೇಳಿ ಬರೆದುಕೊಳ್ಳಿ.

ಸಂಪುಟಕ್ಕೆ ಲೇಖನ ಕೊಡಲು ಸಾಮಾನ್ಯವಾಗಿ ತಿಂಗಳ ಗಡುವು ಕೊಡುತ್ತಾರೆ. ಬಂದ ಪ್ರಶ್ನೆಗಳನ್ನು ಆ ರಾತ್ರಿಯೇ ಲೇಖನದ ಅಂಚಿನಲ್ಲಿ ಬರೆದಿಟ್ಟು, ಮೊದಲ ವಾರದಲ್ಲೇ ತಿದ್ದಿ. ಮುದ್ರಣಕ್ಕೆ ಹೋಗುವ ಮುಂಚೆ ಕರಡು ನೋಡಲು ಕೇಳಿ, ಕೋಷ್ಟಕದ ಅಂಕಿಗಳನ್ನು ಮೂಲ ಫೋಟೊದೊಂದಿಗೆ ಇಬ್ಬರು ಕೂತು ಒಬ್ಬರು ಓದಿ ಒಬ್ಬರು ನೋಡಿ ತಾಳೆ ಹಾಕಿ. ಸಂದರ್ಶನ ಕೊಟ್ಟವರಿಗೆ, ಮನೆಯ ಕಾಗದ ತೋರಿಸಿದವರಿಗೆ ಅಚ್ಚಾದ ಲೇಖನದ ಒಂದೊಂದು ಪ್ರತಿ ಕೈಯಾರೆ ಕೊಟ್ಟು ಬನ್ನಿ.